ವಿಚಾರಕ್ಕೊಂದು ದಂಡೆ ಬೇಕು



ಕಳೆದ ವರ್ಷದ ಶ್ರಾವಣದಲ್ಲಿ ಒಂದು ಸೋಮವಾರ ಬೆಳಗಿನ ಪೂಜೆ ಮುಗಿಸಿ ನಾವು ಮಠದ ಪಡಸಾಲೆಗೆ ಬಂದಾಗ, ಕೃಷ್ಣೆಯ ದಂಡೆಯ ಒಂದು ಹಳ್ಳಿಯ ಹಿರಿಯರು ಕಂಬಕ್ಕೆ ಒರಗಿ ಕುಳಿತಿದ್ದರು. ವಯಸ್ಸು ಎಪ್ಪತ್ತೈದನ್ನು ದಾಟಿದೆ. ಮೈಯಲ್ಲಿ ರೋಗವಿಲ್ಲ, ಮನೆಯಲ್ಲಿ ಜಗಳವಿಲ್ಲ, ಊರಲ್ಲಿ ಮಾನವುಂಟು. ಆದರೂ ಕಣ್ಣುಗಳು ಒಳಗೆ ಸೇರಿದ್ದವು. ಪಾದಕ್ಕೆರಗಿ ಅವರು ಹೇಳಿದ್ದು ಇಷ್ಟೇ: “ಯಪ್ಪಾ, ನನಗ ವಿಚಾರದ ರೋಗ ಹತ್ತೈತ್ರಿ. ಏನರೆ ಒಂದು ತಾಯಿತ ಕಟ್ಟಿ ಕೊಡ್ರಿ.”

ಎದೆಯ ಮೇಲೆ ಇಷ್ಟಲಿಂಗವಿದ್ದವರಿಗೆ ತಾಯಿತವೇಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಮುಖವನ್ನು ನೋಡಿದರೆ ಅಂಥ ಮಾತಿಗೆ ಅದು ಹೊತ್ತಾಗಿರಲಿಲ್ಲ. ಏನು ವಿಚಾರ, ಹೇಳಿರಿ ಎಂದೆವು.

1982ರಲ್ಲಿ ನಾರಾಯಣಪುರದ ಆಣೆಕಟ್ಟು ಮುಗಿದು ಬಸವಸಾಗರದ ಹಿನ್ನೀರು ಏರಿದಾಗ ಹೊಳೆದಂಡೆಯ ಅವರ ಹೊಲ ನೀರಿನ ಪಾಲಾಯಿತು. ಪರಿಹಾರದ ಹಣದಲ್ಲಿ ಇವರು ಮನೆ ಕಟ್ಟಿಸಿದರು, ಮುಂದೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ಇವರ ತಮ್ಮ ತನ್ನ ಪಾಲಿನ ಹಣದಲ್ಲಿ ಮೇಲಿನ ಸೀಮೆಯಲ್ಲಿ ಎರೆಹೊಲ ಹಿಡಿದ. ತಮ್ಮನ ಮಕ್ಕಳು ಇಂದು ಕಬ್ಬು ಬೆಳೆಯುತ್ತಾರೆ. “ಹಾಸಗಿಗೆ ಬೆನ್ನ ಹಚ್ಚಿದ ಕೂಡ್ಲೆ ಲೆಕ್ಕ ಸುರು ಆಗ್ತೈತ್ರಿ. ನಾನೂ ಹೊಲಾ ಹಿಡದಿದ್ರ ಹ್ಯಾಂಗಿರ್ತಿತ್ತು? ಹಿಡದಿದ್ರ ಮನಿ ಎಲ್ಲಿಂದ ಆಗ್ತಿತ್ತು? ಮನಿ ಇಲ್ಲದ ಮಂದಿಗೆ ಬೀಗರು ಯಾರು ಬರ್ತಿದ್ರು? ಅರ್ಧಾ ಹೊಲಾ, ಅರ್ಧಾ ಮನಿ ಮಾಡಿದ್ರ? ಹಿಂಗ ಕೋಳಿ ಕೂಗೂತನಾ ನಡದಿರ್ತೈತ್ರಿ.” ನಾಲ್ವತ್ತು ವರ್ಷಗಳಿಗೂ ಮೇಲಾಯಿತು. ಹೊಲದ ಮೇಲೆ ನಿಂತ ನೀರು ಹೋಗಿಲ್ಲ, ಲೆಕ್ಕವೂ ಮುಗಿದಿಲ್ಲ.

ಇದು ಅವರೊಬ್ಬರ ರೋಗವಲ್ಲವೆಂಬುದನ್ನು ಈ ಅಂಕಣ ಓದುವ ಹಿರಿಯರು ಬಲ್ಲರು. ಬೆಂಗಳೂರಿನಲ್ಲಿರುವ ಮಗ ಸಂಜೆ ಫೋನು ಎತ್ತಲಿಲ್ಲ. ತಾಯಿ ಗಾಡಿಯಿಂದ ಬಿದ್ದನೋ, ಸೊಸೆಯೊಡನೆ ಜಗಳವಾಯಿತೋ, ನಮ್ಮ ಮೇಲೆ ಸಿಟ್ಟೋ ಎಂದು ಹತ್ತು ಸಲ ಎದ್ದು ಕೂಡುತ್ತಾಳೆ. ಮಗ ಬಸ್ಸಿನಲ್ಲಿ ನಿದ್ದೆ ಹೋಗಿರುತ್ತಾನೆ. ಬೀಗರ ಮನೆಯಲ್ಲಿ ಆಡಿದ ಒಂದು ಮಾತನ್ನು ವರ್ಷಗಟ್ಟಲೆ ಮೆಲುಕು ಹಾಕುವವರಿದ್ದಾರೆ. ಆ ಬೀಗರಿಗೆ ಮಾತು ಮರೆತು, ಬಡಿಸಿದ ಹೋಳಿಗೆಯಷ್ಟೇ ನೆನಪಿರುತ್ತದೆ. ಹಿಂಗಾರಿಯಲ್ಲಿ ಒಳ್ಳೆಯ ಮಳೆಯಾಗಿ ಹದ ಬಂದಿರುತ್ತದೆ. ಇಂದು ಕೂರಿಗೆ ಹೂಡಲೇ, ಇನ್ನೊಂದು ಮಳೆ ನೋಡಲೇ, ಜೋಳವೋ ಕಡಲೆಯೋ ಎನ್ನುವಷ್ಟರಲ್ಲಿ ಹಸಿ ಆರುತ್ತದೆ. ಕೊನೆಯದರಲ್ಲಿ ನಷ್ಟವಾದದ್ದು ಕಣ್ಣಿಗೆ ಕಾಣುತ್ತದೆ. ಮೊದಲಿನವುಗಳಲ್ಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಸೀಮೆಯ ಮಾತಿನಲ್ಲಿ ಒಂದು ವಿಶೇಷವುಂಟು. ‘ವಿಚಾರ ಮಾಡಿ ಹೇಳ್ತೀನಿ’ ಎಂದರೆ ಆಲೋಚಿಸಿ ನಿರ್ಣಯ ತಿಳಿಸುತ್ತೇನೆ ಎಂದರ್ಥ. ‘ವಿಚಾರ ಹತ್ತೈತಿ’ ಎಂದರೆ ಕೊರಗು ಅಂಟಿಕೊಂಡಿದೆ ಎಂದರ್ಥ. ಶಬ್ದ ಒಂದೇ. ಮೊದಲನೆಯದರಲ್ಲಿ ಮನುಷ್ಯನು ವಿಚಾರವನ್ನು ಮಾಡುತ್ತಾನೆ. ಎರಡನೆಯದರಲ್ಲಿ ವಿಚಾರವು ಮನುಷ್ಯನನ್ನು ಹತ್ತುತ್ತದೆ, ತೊಲೆಗೆ ಗೆದ್ದಲು ಹತ್ತಿದ ಹಾಗೆ. ಚಿತೆಗೂ ಚಿಂತೆಗೂ ಒಂದು ಬಿಂದುವಿನ ಅಂತರ, ಒಂದು ಸತ್ತವರನ್ನು ಸುಡುತ್ತದೆ, ಇನ್ನೊಂದು ಬದುಕಿದವರನ್ನು ಸುಡುತ್ತದೆ ಎಂದು ಪ್ರವಚನಕಾರರೆಲ್ಲ ಹೇಳುತ್ತಾರೆ. ನಾವೂ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇವೆ, ಜನರೂ ತಲೆದೂಗಿದ್ದಾರೆ. ಆದರೆ ಆ ಮಾತು ಕೇಳಿದ್ದರಿಂದ ಅಂದಿನ ರಾತ್ರಿ ಯಾರಿಗಾದರೂ ನಿದ್ದೆ ಬಂತೆಂದು ನಾವು ಕೇಳಿಲ್ಲ. ಚಿಂತಿಸಬೇಡವೆಂದರೆ, ಚಿಂತೆಯ ಜೊತೆಗೆ ಚಿಂತಿಸಿದೆನಲ್ಲಾ ಎಂಬ ಇನ್ನೊಂದು ಚಿಂತೆ ಸೇರುತ್ತದೆ.

ಶಾಸ್ತ್ರವು ಮನಸ್ಸಿನ ಲಕ್ಷಣವನ್ನು ಸಂಕಲ್ಪ-ವಿಕಲ್ಪವೆಂದು ಹೇಳುತ್ತದೆ. ಮಾಡಲೇ ಎನ್ನುವುದು ಸಂಕಲ್ಪ, ಬೇಡವೇ ಎನ್ನುವುದು ವಿಕಲ್ಪ. ಇವೆರಡೂ ಮನಸ್ಸಿನ ಸಹಜ ವ್ಯಾಪಾರಗಳೇ ಹೊರತು ದೋಷಗಳಲ್ಲ. ನಿಶ್ಚಯಿಸುವುದು ಮಾತ್ರ ಬುದ್ಧಿಯ ಕೆಲಸ. ಬುದ್ಧಿಯು ಪೀಠಕ್ಕೆ ಬಾರದೆ ಮನಸ್ಸೊಂದೇ ಕೆಲಸಕ್ಕಿಳಿದರೆ, ನ್ಯಾಯಾಧೀಶರಿಲ್ಲದ ಕೋರ್ಟಿನಂತೆ ಆಗುತ್ತದೆ. ವಕೀಲರಿದ್ದಾರೆ, ಸಾಕ್ಷಿದಾರರಿದ್ದಾರೆ, ಎರಡೂ ಕಡೆಯ ವಾದ ದಿನವೂ ನಡೆಯುತ್ತದೆ. ತೀರ್ಪು ಬರುವುದಿಲ್ಲ, ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಹೊಲದ ವ್ಯಾಜ್ಯಕ್ಕೆ ತಿರುಗಿ ಚಪ್ಪಲಿ ಸವೆಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಿಂದೆ ಜೋಳದ ರಾಶಿ ಮಾಡುವಾಗ ಕಣದ ನಡುವೆ ಮೇಟಿ ನಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುತ್ತಿದ್ದರು. ಈಗ ಯಂತ್ರಗಳು ಬಂದಿವೆ. ಹಂತಿಯ ಹಾಡುಗಳನ್ನು ಬಲ್ಲವರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಎತ್ತು ಮೇಟಿಯ ಸುತ್ತ ತಿರುಗುವುದು ವ್ಯರ್ಥವಲ್ಲ. ಕಾಲಡಿಯಲ್ಲಿ ತೆನೆ ಇರುವತನಕ ಪ್ರತಿ ಸುತ್ತಿಗೂ ಕಾಳು ಉದುರುತ್ತದೆ. ತೆನೆಯಲ್ಲಿ ಕಾಳು ಮುಗಿದ ಮೇಲೆ ಜಾಣ ಒಕ್ಕಲಿಗನು ಹಂತಿ ಬಿಚ್ಚಿ ಎತ್ತಿಗೆ ನೀರು ತೋರಿಸುತ್ತಾನೆ. ಬಿಚ್ಚದಿದ್ದರೆ? ಎತ್ತು ತಿರುಗುತ್ತಲೇ ಇರುತ್ತದೆ, ಅದಕ್ಕೇನು ತಿಳಿಯುತ್ತದೆ. ಗೊರಸು ಸವೆಯುತ್ತದೆ, ಕಣದ ನೆಲ ಕಿತ್ತು ಕಾಳಿನಲ್ಲಿ ಮಣ್ಣು ಬೆರೆಯುತ್ತದೆ. ಅತಿಯಾಗಿ ಆಲೋಚಿಸುವವರ ಮೊದಲ ಹತ್ತು ಸುತ್ತು ಕೆಟ್ಟದ್ದಲ್ಲ. ಆ ಸುತ್ತುಗಳಿಂದಲೇ ಅವರು ಮನೆತನವನ್ನು ಕಾಪಾಡಿದವರು, ಸಾಲಕ್ಕೆ ಬೀಳದವರು, ಮಾತಿಗೆ ತಪ್ಪದವರು. ಹನ್ನೊಂದನೆಯ ಸುತ್ತಿನಿಂದ ಮಣ್ಣು ಏಳುತ್ತದೆ.

ಇಲ್ಲಿ ಒಂದು ಸಂದೇಹ ಬರಬಹುದು. ನಮ್ಮ ಧರ್ಮವು ವಿಚಾರಕ್ಕೆ ಇಷ್ಟು ಮನ್ನಣೆ ಕೊಟ್ಟಿದೆಯಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪದ ಕೆಲಸವೇ ವಿಚಾರವಾಗಿತ್ತಲ್ಲ. ಈಗ ವಿಚಾರವೇ ರೋಗವೆಂದರೆ ಹೇಗೆ? ಸಂದೇಹ ಸರಿಯಾದದ್ದು. ಆದರೆ ಆ ಮಂಟಪದ ವಿಚಾರವು ಒಬ್ಬರೇ ಕುಳಿತು ಮಾಡಿದ್ದಲ್ಲ. ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿ, ಎದುರಿಗೆ ಬಸವಣ್ಣ, ಚೆನ್ನಬಸವಣ್ಣ, ಅಕ್ಕಮಹಾದೇವಿ, ಜೊತೆಗೆ ದೋಣಿ ನಡೆಸುವವರು, ಚರ್ಮ ಹದಮಾಡುವವರು, ಕಟ್ಟಿಗೆ ಮಾರುವವರು. ಒಬ್ಬರ ಮಾತು ಅಡ್ಡ ಹೋದರೆ ಇನ್ನೊಬ್ಬರು ತಡೆಯುವವರಿದ್ದರು. ಮತ್ತೆ, ಅಲ್ಲಿಯ ವಿಚಾರಕ್ಕೆ ಮುಂದೆ ಆಚಾರವೆಂಬ ಬಾಗಿಲಿತ್ತು. ಬೆಳಗಾದರೆ ಅವರವರ ಕಾಯಕ ಕಾಯುತ್ತಿತ್ತು. ತಲೆದಿಂಬಿನ ಮೇಲೆ ನಡೆಯುವ ಗೋಷ್ಠಿಯಲ್ಲಿ ಕೇಳುವವನೂ ತಾನೇ, ಹೇಳುವವನೂ ತಾನೇ, ಅಲ್ಲಗಳೆಯುವವನೂ ತಾನೇ. ಹೊರಗೆ ಹೋಗಲು ಬಾಗಿಲಿಲ್ಲ. ಅದನ್ನು ಅನುಭವ ಮಂಟಪವೆನ್ನಲಾದೀತೆ?

ವಿಚಾರವು ಎಲ್ಲಿ ನಿಲ್ಲಬೇಕೆಂಬುದನ್ನು ನಮಗೆ ಕಲಿಸಿದ ಊರು ತಂಗಡಗಿ.

ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ಉತ್ತರದ ದಂಡೆಯ ಊರು ಅದು. ಹೊಳೆಯ ಆಚೆ ಹುನಗುಂದದ ಸೀಮೆ. ಅಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕಡೆ ಕೂಡಲಸಂಗಮ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಮುಂಚೆ ಎರಡೂ ದಂಡೆಗಳು ಬಿಜಾಪುರ ಜಿಲ್ಲೆಯವೇ ಆಗಿದ್ದವು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಾಲ್ಯದಲ್ಲಿ ಓದಿ ಬೆಳೆದದ್ದೂ ಆ ದಂಡೆಯಲ್ಲಿ, ಕೊನೆಗೆ ಲಿಂಗದಲ್ಲಿ ಬೆರೆತದ್ದೂ ಆ ದಂಡೆಯಲ್ಲಿ. ತಾಯಿ ನೀಲಾಂಬಿಕೆ ಐಕ್ಯರಾದದ್ದು ಈ ದಂಡೆಯಲ್ಲಿ. ನಡುವೆ ಒಂದು ಹೊಳೆ.

ಆ ಕಥೆಯನ್ನು ನೀವು ಪುರಾಣಗಳಲ್ಲಿ ಕೇಳಿದ್ದೀರಿ. ಪುರಾಣದಿಂದ ಪುರಾಣಕ್ಕೆ ಪಾಠಭೇದವುಂಟು. ತಂಗಡಗಿಯ ಪರಂಪರೆ ಹೇಳುವುದನ್ನೇ ನಾವು ಹೇಳುತ್ತೇವೆ. ಕಲ್ಯಾಣದಲ್ಲಿ ಕ್ಷೋಭೆ ಎದ್ದು, ಶರಣರು ದಿಕ್ಕುದಿಕ್ಕಿಗೆ ಚದುರಿದ ಕಾಲ. ಸಂಗಮಕ್ಕೆ ಬಂದಿದ್ದ ಬಸವಣ್ಣನವರು ನೀಲಾಂಬಿಕೆಯವರನ್ನು ಕರೆತರಲು ತಮ್ಮ ನಂಬಿಕೆಯ ಹಡಪದ ಅಪ್ಪಣ್ಣನವರನ್ನು ಕಲ್ಯಾಣಕ್ಕೆ ಕಳುಹಿಸಿದರು. ಕಲ್ಯಾಣದಿಂದ ಕೃಷ್ಣೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುವೆ ಭೀಮೆ ಬೇರೆ. ತಾಯಿ ಅಪ್ಪಣ್ಣನವರೊಡನೆ ಆ ದಾರಿಯನ್ನೆಲ್ಲ ಸವೆಸಿ ತಂಗಡಗಿಯ ದಂಡೆಗೆ ಬಂದರು. ಇನ್ನು ಉಳಿದದ್ದು ಹೊಳೆಯೊಂದೇ. ಅಷ್ಟರಲ್ಲಿ ಸುದ್ದಿ ಬಂತು, ಬಸವಣ್ಣನವರು ಸಂಗಮನಾಥನಲ್ಲಿ ಐಕ್ಯರಾದರೆಂದು.

ಭಕ್ತರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಆ ಕ್ಷಣದಲ್ಲಿ ನಮ್ಮಂಥವರ ಮನಸ್ಸು ಏನು ಮಾಡುತ್ತಿತ್ತು? ಒಂದು ದಿನ ಮುಂಚೆ ಹೊರಟಿದ್ದರೆ! ಭೀಮೆಯ ದಂಡೆಯಲ್ಲಿ ತಂಗದೆ ನಡೆದಿದ್ದರೆ! ಅಪ್ಪಣ್ಣನು ಇನ್ನೂ ಬೇಗ ಬಂದಿದ್ದರೆ! ಅವರಾದರೂ ಇನ್ನೊಂದು ದಿನ ತಡೆಯಬಾರದಿತ್ತೆ! ಈಗ ದಾಟಿ ಹೋಗಿ ಏನು ನೋಡುವುದು, ದಾಟದಿದ್ದರೆ ಜನ ಏನೆಂದಾರು! ಈ ‘ದ್ದರೆ’ಗಳಿಗೆ ಕೊನೆಯೇ ಇರುತ್ತಿರಲಿಲ್ಲ. ತಾಯಿ ಕೇಳಿದ್ದು ಒಂದೇ ಪ್ರಶ್ನೆಯೆಂದು ಪರಂಪರೆ ಹೇಳುತ್ತದೆ. ಸಂಗಯ್ಯನು ಆಚೆಯ ದಂಡೆಯವನು ಮಾತ್ರವೇ, ಈಚೆಯ ದಂಡೆಯವನಲ್ಲವೇ ಎಂಬ ಅರ್ಥದ ಪ್ರಶ್ನೆ. ಅಲ್ಲಿಗೆ ಪ್ರಶ್ನೆ ಮುಗಿಯಿತು. ಹೊಳೆ ದಾಟಲಿಲ್ಲ, ಕಲ್ಯಾಣಕ್ಕೆ ತಿರುಗಲಿಲ್ಲ. ನಿಂತ ನೆಲದಲ್ಲಿಯೇ ಲಿಂಗಕ್ಕೆ ಮನವನ್ನು ಒಪ್ಪಿಸಿದರು.

ಅವರಿಗೆ ದುಃಖವೇ ಆಗಲಿಲ್ಲವೆಂದು ತಿಳಿಯಬೇಡಿರಿ. ಸಂಗಯ್ಯ ಎಂಬ ಅಂಕಿತದಲ್ಲಿ ತಾಯಿಯ ನೂರಕ್ಕೂ ಮಿಕ್ಕಿದ ವಚನಗಳು ನಮಗೆ ಉಳಿದಿವೆ. ಬಸವನಿಲ್ಲದ ಬಯಲಿನ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದುಃಖ ಬೇರೆ, ದುಃಖದ ಲೆಕ್ಕ ಬೇರೆ. ದುಃಖವು ಹೊಳೆಯಂತೆ ಹರಿದು ಹೋಗುತ್ತದೆ. ಲೆಕ್ಕವು ಹಿನ್ನೀರಿನಂತೆ ನಿಲ್ಲುತ್ತದೆ.

ಅಪ್ಪಣ್ಣನವರ ನೆನಪೂ ನಮಗೆ ಆಗಾಗ ಬರುತ್ತದೆ. ಕರೆತರುವ ಹೊಣೆ ಅವರದಾಗಿತ್ತು. ಒಡೆಯನ ಅಪ್ಪಣೆಯನ್ನು ಹೊತ್ತು ಹೋದವರು, ಹೊತ್ತು ಮೀರಿದ ಮೇಲೆ ದಂಡೆಗೆ ಮುಟ್ಟಿದರು. ತಪ್ಪು ಅವರದಲ್ಲ, ಆದರೂ ಅಂಥ ಹೊಣೆ ಹೊತ್ತವರ ಎದೆ ಹೇಗಿರುತ್ತದೆಂದು ಊಹಿಸಬಹುದು. ಅವರ ಹೆಸರಿನ ಗುರುಪೀಠ ಇಂದಿಗೂ ತಂಗಡಗಿಯಲ್ಲಿದೆ. ಅವರ ಧರ್ಮಪತ್ನಿ ಲಿಂಗಮ್ಮನವರ ವಚನಗಳನ್ನು ತೆರೆದು ನೋಡಿರಿ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಬರುವುದು ಮನಸ್ಸಿನ ಮಾತು: ಅದರ ಓಟ, ಅದರ ಕಪಟ, ಅದನ್ನು ನಿಲ್ಲಿಸುವ ಬಗೆ. ಎಂಟುನೂರು ವರ್ಷಗಳ ಹಿಂದಿನ ಒಬ್ಬ ಗೃಹಿಣಿಗೆ ಇದು ಇಷ್ಟು ತಿಳಿದಿತ್ತೆಂದರೆ, ಈ ರೋಗ ಫೋನು ಬಂದ ಮೇಲೆ ಬಂದದ್ದಲ್ಲವೆಂದು ಸ್ಪಷ್ಟವಾಯಿತು.

ಈಗ ನಮ್ಮದೊಂದು ಮಾತು ಹೇಳಬೇಕಾಗಿದೆ. ಹೇಳದೆ ಉಪದೇಶ ಮಾಡಿದರೆ ಅದು ಅರ್ಧ ಸುಳ್ಳಾಗುತ್ತದೆ.

ಮೂವತ್ತು ವರ್ಷಗಳಿಗೂ ಹಿಂದೆ, ನಾವಿನ್ನೂ ಮರಿಸ್ವಾಮಿಗಳಾಗಿದ್ದಾಗ, ಶ್ರಾವಣದ ಪುರಾಣಕ್ಕೆಂದು ದೂರದ ಒಂದು ಹಳ್ಳಿಗೆ ಹೋಗಿದ್ದೆವು. ಮಂಗಲಕ್ಕೆ ಎರಡು ದಿನ ಉಳಿದಿತ್ತು. ದೀಪ ಹಚ್ಚುವ ಹೊತ್ತಿಗೆ ಮಠದಿಂದ ಒಬ್ಬ ಹುಡುಗ ಸೈಕಲ್ಲಿನ ಮೇಲೆ ಬಂದು, “ಅಪ್ಪಾರಿಗೆ ಆರಾಮಿಲ್ರಿ, ನಿಮ್ಮನ್ನ ನೆನಸಾಕತ್ಯಾರ” ಎಂದ. ನಮ್ಮನ್ನು ಏಳು ವರ್ಷದ ಮಗುವಾಗಿದ್ದಾಗಿನಿಂದ ಸಾಕಿ, ಅಕ್ಷರ ಕಲಿಸಿ, ಲಿಂಗದೀಕ್ಷೆ ಕೊಟ್ಟ ಗುರುಗಳು ಅವರು. ಎದ್ದು ಹೊರಡಬೇಕಿತ್ತು. ನಾವು ಕುಳಿತು ವಿಚಾರ ಮಾಡಿದೆವು. ನೆನೆಸಿದ್ದಾರೆ ಎಂದನೇ ಹೊರತು ಬಾ ಎಂದಿದ್ದಾರೆಂದು ಹೇಳಲಿಲ್ಲವಲ್ಲ. ಹಿಂದೊಮ್ಮೆ ಇಂಥದೇ ಸುದ್ದಿ ಕೇಳಿ ಓಡಿ ಹೋದಾಗ, ಪುರಾಣ ಅರ್ಧಕ್ಕೆ ಬಿಟ್ಟು ಬಂದೆಯಾ ಎಂದು ಗದರಿದ್ದರಲ್ಲ. ಈಗ ಜೀಪು ಬಾಡಿಗೆ ಹಿಡಿದರೆ ಊರವರಿಗೆ ಭಾರ. ಹಳ್ಳದಲ್ಲಿ ನೀರಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಒಂದೊಂದೂ ಸರಿಯಾದ ವಿಚಾರವೇ. ರಾತ್ರಿಯೆಲ್ಲ ಹಾಸಿಗೆಯ ಮೇಲೆ ಹೊರಟೆವು, ಬಂದೆವು, ಹೊರಟೆವು, ಬಂದೆವು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಚಹಾ ಅಂಗಡಿಯವನೇ ಸುದ್ದಿ ಹೇಳಿದ. ಗುರುಗಳು ಬೆಳಗಿನ ಜಾವದಲ್ಲಿ ಲಿಂಗೈಕ್ಯರಾಗಿದ್ದರು. ಕೊನೆಯವರೆಗೂ ಪ್ರಜ್ಞೆಯಿತ್ತಂತೆ, ಬಾಗಿಲ ಕಡೆ ನೋಡುತ್ತಿದ್ದರಂತೆ. ಇದನ್ನು ನಮಗೆ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಆಮೇಲೆ ಬಹಳ ವರ್ಷ ನಾವು ಆ ರಾತ್ರಿಯಿಂದ ಹೊರಗೆ ಬರಲಿಲ್ಲ. ಪಟ್ಟಾಧಿಕಾರವಾಯಿತು, ಆಶೀರ್ವಚನಗಳಾದವು, ನಿಶ್ಚಿಂತೆಯ ಮೇಲೆ ಎಷ್ಟೋ ವ್ಯಾಖ್ಯಾನ ಮಾಡಿದೆವು. ರಾತ್ರಿ ದೀಪವಾರಿದರೆ ಮತ್ತೆ ಅದೇ ಹಳ್ಳಿ, ಅದೇ ಹುಡುಗ, ಅದೇ ಸೈಕಲ್ಲು. ಹೀಗಿರುವಾಗ ಒಂದು ಕಾರ್ತಿಕದಲ್ಲಿ ತಂಗಡಗಿಗೆ ಹೋದದ್ದುಂಟು. ಹುನಗುಂದದ ಕಡೆಗೆ ಹೋಗಲು ಈಗ ಸೇತುವೆಯಿದೆ. ನಾವು ಅಂದು ಹೊಳೆಯ ದಂಡೆಗೆ ಇಳಿದು ಹೋದೆವು. ಅಲ್ಲೊಂದು ದೋಣಿ ಹೊರಡುವುದರಲ್ಲಿತ್ತು. ಸಂಗಮಕ್ಕೆ ಹೋಗಿ ಬರೋಣವೇ, ಹೊತ್ತಾಯಿತೇ, ನಾಳೆ ಬಂದರಾಗದೇ ಎಂದು ನಮ್ಮ ಹಳೆಯ ಚಾಳಿ ಶುರುವಾಯಿತು. ಒಂದು ಕಾಲನ್ನು ದೋಣಿಯಲ್ಲಿಟ್ಟು ನಿಂತೇ ಇದ್ದೆವು. ದೋಣಿಯವನು ಸ್ವಲ್ಪ ಹೊತ್ತು ತಡೆದ. ಆಮೇಲೆ, “ಅಜ್ಜಾರ, ಹತ್ತಾವರಿದ್ರ ಹತ್ರಿ, ಇಲ್ಲಾಂದ್ರ ಹಿಂದ ಸರೀರಿ. ಒಂದು ಕಾಲು ದಂಡಿ ಮ್ಯಾಲೆ ಒಂದು ಕಾಲು ದೋಣ್ಯಾಗ ಇಟ್ರ ದೋಣಿ ತಡೀತೈತೇನ್ರಿ?” ಎಂದ. ಅವನು ತತ್ತ್ವ ಹೇಳಲಿಲ್ಲ, ತನ್ನ ದೋಣಿ ಮಗುಚೀತೆಂಬ ಅಂಜಿಕೆ ಅವನದು. ನಾವು ಕಾಲು ಹಿಂದಕ್ಕೆ ತೆಗೆದುಕೊಂಡೆವು. ದೋಣಿ ಹೋಯಿತು. ತಾಯಿಯ ಸನ್ನಿಧಿಗೆ ಬಂದು ಕುಳಿತೆವು. ಅಂದು ಮೊದಲ ಸಲ ಗುರುಗಳನ್ನು ನೆನೆದು ಅತ್ತೆವು. ಅಷ್ಟು ವರ್ಷ ಲೆಕ್ಕ ಹಾಕಿದ್ದೆವೇ ಹೊರತು ಅತ್ತಿರಲಿಲ್ಲವೆಂಬುದು ಆಗ ತಿಳಿಯಿತು.

ಅಂದಿನಿಂದ ಚಿಂತೆ ಬಿಟ್ಟುಹೋಯಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ಚಾಳಿ ಇಂದಿಗೂ ಉಂಟು. ಈ ಲೇಖನವನ್ನೇ ಪತ್ರಿಕೆಗೆ ಕಳುಹಿಸಲೇ ಬೇಡವೇ ಎಂದು ಮೂರು ದಿನ ಇಟ್ಟುಕೊಂಡಿದ್ದೆವು. ಆದರೆ ಅದರೊಡನೆ ಬಾಳುವ ಬಗೆ ತುಸು ಗೊತ್ತಾಗಿದೆ.

ಸಿದ್ಧಾಂತ ಶಿಖಾಮಣಿಯು ಪ್ರಸಾದಿ ಸ್ಥಲದಲ್ಲಿ ಮನಸ್ಸಿನ ನೈರ್ಮಲ್ಯವನ್ನೇ ಪ್ರಸಾದದ ಲಕ್ಷಣವೆಂದು ಹೇಳುತ್ತದೆ. ಪ್ರಸಾದವೆಂದರೆ ಕೈಯಲ್ಲಿ ಬಿದ್ದ ತುತ್ತು ಮಾತ್ರವಲ್ಲ, ಅದನ್ನು ಕೊಳ್ಳುವ ಮನಸ್ಸಿನ ತಿಳಿಯೂ ಹೌದು. ಕನ್ನಡದಲ್ಲಿ ತಿಳಿ ಎಂದರೆ ಅರಿತುಕೋ ಎಂದೂ ಅರ್ಥ, ಕದಡದ ನೀರು ಎಂದೂ ಅರ್ಥ. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ನಮ್ಮ ತಾಯಂದಿರು ಕೆಂಪು ನೀರನ್ನು ತಂದು ಕೊಡದಲ್ಲಿಟ್ಟು ರಾತ್ರಿ ಮುಟ್ಟುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮಣ್ಣು ತಳಕ್ಕೆ ಕೂಡುತ್ತಿತ್ತು. ತಿಳಿಯಾಯಿತೇ ಎಂದು ಗಳಿಗೆಗೊಮ್ಮೆ ಕೈಯಾಡಿಸಿದ್ದರೆ ಆ ನೀರು ಎಂದೂ ತಿಳಿಯಾಗುತ್ತಿರಲಿಲ್ಲ. ಆದುದರಿಂದ ರಾತ್ರಿ ಯಾವ ನಿರ್ಣಯವನ್ನೂ ಮಾಡಬಾರದೆಂದು ನಾವು ನಮಗೇ ಕಟ್ಟಳೆ ಹಾಕಿಕೊಂಡಿದ್ದೇವೆ. ರಾತ್ರಿ ಬಂದ ವಿಚಾರಕ್ಕೆ, ಬೆಳಿಗ್ಗೆ ಪೂಜೆಯಾದ ಮೇಲೆ ಬಾ ಎಂದು ಹೇಳುತ್ತೇವೆ. ಕೆಲವು ಬರುತ್ತವೆ. ಬಹಳಷ್ಟು ಬರುವುದಿಲ್ಲ, ಅವಕ್ಕೆ ಬೆಳಕು ಆಗದು.

ಪೂಜೆಯಲ್ಲಿಯೂ ಮನಸ್ಸು ಓಡುತ್ತದೆಯಲ್ಲ ಎಂದು ಹೆಣ್ಣುಮಕ್ಕಳು ಬಹಳ ಮಂದಿ ಕೇಳುತ್ತಾರೆ, ಅದನ್ನೊಂದು ಪಾಪವೆಂದು ತಿಳಿದು ಕಣ್ಣೀರು ತರುತ್ತಾರೆ. ಓಡಲಿ, ತಾಯಂದಿರೇ. ನಮಗೂ ಎಷ್ಟೋ ದಿನ ಕರಸ್ಥಲದಲ್ಲಿ ಲಿಂಗ, ಮನಸ್ಸಿನಲ್ಲಿ ಮಠದ ಗೋದಿಯ ಲೆಕ್ಕ. ಓಡಿದ್ದು ಗೊತ್ತಾದಾಗ ಬಯ್ಯದೆ ದೃಷ್ಟಿಯನ್ನು ಮತ್ತೆ ಲಿಂಗಕ್ಕೆ ತನ್ನಿರಿ. ನೂರು ಸಲ ಓಡಿದರೆ ನೂರು ಸಲ ತನ್ನಿರಿ. ತರುವ ಆ ಕೆಲಸವೇ ಪೂಜೆ. ಇಷ್ಟಲಿಂಗವನ್ನು ಗುರುವು ಗುಡಿಯಲ್ಲಿಡದೆ ಅಂಗೈಗೆ ಕೊಟ್ಟದ್ದೇ ಇದಕ್ಕಾಗಿ ಎಂದು ನಮಗೆ ತೋರುತ್ತದೆ. ಮನಸ್ಸು ಎಲ್ಲಿಗಾದರೂ ಹೋಗಲಿ, ಕೈಯಲ್ಲಿ ಒಂದು ಭಾರವಿರುತ್ತದೆ, ಅದು ತಿರುಗಿ ಕರೆಯುತ್ತದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಜೀವವೇ ಬೇಡವೆನಿಸುತ್ತದೆ ಎಂದರೆ ಅದು ಮಠದಲ್ಲಿ ಮುಗಿಯುವ ಮಾತಲ್ಲ. ವಿಭೂತಿಯನ್ನೂ ಹಚ್ಚಿಕೊಳ್ಳಿರಿ, ವೈದ್ಯರ ಬಳಿಗೂ ಹೋಗಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸರಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ನಡೆಯುತ್ತಿದೆ. 14416 ಒತ್ತಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಕಾಲು ಮುರಿದವನಿಗೆ ಲಿಂಗಪೂಜೆ ಮಾಡು, ಕೂಡುತ್ತದೆ ಎಂದು ಯಾರೂ ಹೇಳುವುದಿಲ್ಲ. ಮನಸ್ಸು ಮುರಿದವನಿಗೆ ಮಾತ್ರ ಹಾಗೆ ಹೇಳುವ ರೂಢಿ ಬಂದಿದೆ. ಅದು ತಪ್ಪು.

ಇನ್ನು ಆ ಹಿರಿಯರ ಸಂಗತಿ. ತಾಯಿತ ಕಟ್ಟಲಿಲ್ಲ. ಅಂದು ಪಡಸಾಲೆಯಲ್ಲಿ ಅವರ ವಯಸ್ಸಿನವರೇ ಮೂವರಿದ್ದರು, ಅವರ ಹೊಲಗಳೂ ಹಿನ್ನೀರಿಗೆ ಹೋದವೇ. ಅವರ ಮುಂದೆ ಎಲ್ಲವನ್ನೂ ಇನ್ನೊಮ್ಮೆ ಹೇಳಿರಿ ಎಂದೆವು. ಹೇಳಿದರು. ಒಬ್ಬರು, “ನಾ ಹೊಲಾ ಹಿಡದಾವ ಅದೀನಿ, ಹೊಲಾ ಸವಳು ಹೋತು, ಮನಿನೂ ಇಲ್ಲ, ಹೊಲಾನೂ ಇಲ್ಲ. ನನಗ ನೀ ಮನಿ ಕಟ್ಟಿದ್ದು ನೋಡಿ ಹೊಟ್ಟಿಕಿಚ್ಚು” ಎಂದರು. ನಾಲ್ವತ್ತು ವರ್ಷ ಒಂದೇ ಸೀಮೆಯಲ್ಲಿದ್ದು ಈ ಮಾತು ಒಬ್ಬರಿಗೊಬ್ಬರು ಆಡಿರಲಿಲ್ಲ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಉಳಿದಿರುವ ಐದು ಎಕರೆಯನ್ನು ಮಕ್ಕಳಿಗೆ ವಾಟ್ನಿ ಮಾಡಿಕೊಡಬೇಕೆಂದು ಆರು ವರ್ಷಗಳಿಂದ ಯೋಚಿಸುತ್ತಿದ್ದಾರೆ, ಮಾಡಿಲ್ಲ. ಹಿಂದೊಮ್ಮೆ ತಪ್ಪಿದೆ, ಈ ಸಲ ತಪ್ಪಬಾರದೆಂಬ ಭಯ. ದೊಡ್ಡವನಿಗೆ ಬಾವಿಯ ಕಡೆ ಕೊಟ್ಟರೆ ಸಣ್ಣವನು ಏನೆಂದಾನು, ಹೆಣ್ಣುಮಕ್ಕಳು ಕೇಳಿದರೆ ಏನು ಹೇಳುವುದು. ಹೆಣ್ಣುಮಕ್ಕಳನ್ನು ಕೇಳಿದ್ದೀರಾ ಎಂದೆವು. ಇಲ್ಲ. ಗಂಡುಮಕ್ಕಳನ್ನು? ಅವರನ್ನೂ ಇಲ್ಲ. ಆರು ವರ್ಷ ನಾಲ್ವರ ಪರವಾಗಿಯೂ ತಾವೊಬ್ಬರೇ ವಾದ ಮಾಡಿದ್ದಾರೆ! 1982ರ ನಿರ್ಣಯವನ್ನು ಯಾರೂ ಬದಲಿಸಲಾರರು. ಅದರ ಲೆಕ್ಕದಲ್ಲಿ ಇವತ್ತು ಮಾಡಬೇಕಾದ ಕೆಲಸ ನಿಂತಿದೆ, ಇಬ್ಬರು ಗಂಡುಮಕ್ಕಳು ಒಳಗೊಳಗೆ ಮುಖ ತಿರುಗಿಸಿಕೊಳ್ಳಲು ಆರಂಭಿಸಿದ್ದಾರೆ. ನಿಜವಾದ ಹಾನಿ ಅದು. ನಾಲ್ವರನ್ನೂ ಕರೆಸಿರಿ, 2005ರಿಂದ ಕಾಯಿದೆಯೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಹೇಳುತ್ತದೆ, ಅವರೆದುರಿಗೇ ಕೇಳಿರಿ, ದಸರೆಯೊಳಗೆ ಮುಗಿಸಿರಿ ಎಂದು ದಿನ ಕಟ್ಟಿದೆವು. ಆ ಮೂವರು ಹಿರಿಯರನ್ನೇ ಜೊತೆಗೆ ಹಚ್ಚಿದೆವು.

ಕಾರ್ತಿಕದಲ್ಲಿ ಅವರು ಮತ್ತೆ ಬಂದರು. “ಯಪ್ಪಾ, ವಾಟ್ನಿ ಆತ್ರಿ, ಉತಾರದಾಗೂ ಹೆಸರು ಏರಸಾಕ ಕೊಟ್ಟೀವ್ರಿ. ಹಿರೇ ಮಗಳು ಬಾವಿ ಕಡೆ ಅರ್ಧಾ ಎಕರೆ ಬೇಡಿದ್ಳು, ಅಣ್ಣ ತಮ್ಮ ಇಬ್ರೂ ಒಪ್ಪಿದ್ರು. ನಾನೇ ಸುಳ್ಳ ಅಂಜಿದ್ದೆ” ಎಂದರು. ನಿದ್ದೆ? “ಮೊದಲಕಿಂತ ಚಲೋ ಹತ್ತೈತ್ರಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆ ಕೆರೆದುಕೊಂಡರು. “ಆದ್ರ ಯಪ್ಪಾ, ಸಣ್ಣಾವನ ಪಾಲಿನ ಹೊಲದಾಗ ಬದು ಅಗಲ ಐತ್ರಿ. ಅವಂಗ ಎರಡು ಗುಂಟೆ ಕಡಿಮಿ ಬಿತ್ತೇನೋ ಅಂತ ಒಂದು ವಿಚಾರ…”

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು, ನಾವೂ ನಕ್ಕೆವು. ಅಷ್ಟರಲ್ಲಿ ದಾಸೋಹದ ಗಂಟೆಯಾಯಿತು. ಹಿರಿಯರು ಕೋಲು ಊರಿ ಎದ್ದು ಹೋಗಿ ಪಂಕ್ತಿಯಲ್ಲಿ ಕುಳಿತರು. ಅಂದು ಜೋಳದ ನುಚ್ಚು, ಮಜ್ಜಿಗೆ ಇತ್ತು. ಎರಡನೆಯ ಸಲ ಕರೆದು ಹಾಕಿಸಿಕೊಂಡರು.